ಸಿಕ್ಕಿದ್ದೆಲ್ಲ ನುಂಗುವ ದೊಡ್ಡ ನೆಲಗಪ್ಪೆ: ಏನು ತಿನ್ನಿಸಬೇಕು, ಎಂಥ ತೊಟ್ಟಿಯಲ್ಲಿ ಇಡಬೇಕು?

ಪ್ರಶ್ನೆ: ನನ್ನ ಬಳಿ ಸುಮಾರು 13 ಸೆಂ.ಮೀ. ಉದ್ದದ ಕೇನ್ ಟೋಡ್ ಜಾತಿಯ ನೆಲಗಪ್ಪೆ ಇದೆ. ಸಾಕಲು ಶುರುಮಾಡಿ ಎರಡು ವರ್ಷವಾಯಿತು. 60 ಸೆಂ.ಮೀ. ಉದ್ದದ ಗಾಜಿನ ತೊಟ್ಟಿ, ತಳಕ್ಕೆ ಸಣ್ಣ ಜಲ್ಲಿ, ಮೇಲೆ ಸ್ವಲ್ಪ ಹಸಿ ಪಾಚಿ, ಒಂದು ನೀರಿನ ಬಟ್ಟಲು, ತೊಟ್ಟಿಯ ಅಡಿಯಲ್ಲಿ ಬಿಸಿ ಮಾಡುವ ಪ್ಯಾಡ್. ದಿನವೂ ಒಂದು ಬಗೆಯ ದುಂಬಿಯ ಮರಿಹುಳುವಾದ ಮೀಲ್‌ವರ್ಮ್ ಹಾಕುತ್ತೇನೆ, ವಾರಕ್ಕೊಂದು ಇಲಿಮರಿ ಕೊಡುತ್ತೇನೆ. ಹಸಿವಿಗೇನೂ ಕಡಿಮೆಯಿಲ್ಲ. ಆದರೆ ಈಚೆಗೆ ನಾಲಿಗೆ ಚಾಚಿದರೂ ಹುಳು ಅಂಟಿಕೊಳ್ಳುವುದಿಲ್ಲ, ನಾಲ್ಕೈದು ಸಲ ನೋಡಿ ಬಿಟ್ಟುಬಿಡುತ್ತದೆ. ಹಗಲೆಲ್ಲ ನೀರಿನ ಬಟ್ಟಲಿನಲ್ಲೇ ಕೂತಿರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ:

ನಾಲಿಗೆಯ ವಿಷಯವನ್ನು ಮೊದಲು ನೋಡೋಣ, ಅದನ್ನು ಮುಂದೂಡುವಂತಿಲ್ಲ. ನೆಲಗಪ್ಪೆಯ ನಾಲಿಗೆ ಬಾಯಿಯ ಮುಂಭಾಗದಲ್ಲಿ ಅಂಟಿಕೊಂಡಿರುತ್ತದೆ. ಹಿಂದಿನ ತುದಿ ಮಗುಚಿಕೊಂಡು ಹೊರಗೆ ಬಂದು ಹುಳುವಿನ ಮೇಲೆ ಬೀಳುತ್ತದೆ. ಹುಳುವನ್ನು ಹಿಡಿದಿಡುವುದು ನಾಲಿಗೆಯ ಮೆತ್ತನೆಯ ಮೈ ಮತ್ತು ಅದರ ಮೇಲಿನ ಅಂಟು ಲೋಳೆ. ದೇಹದಲ್ಲಿ ವಿಟಮಿನ್ ಎ ಕಡಿಮೆಯಾದಾಗ ಲೋಳೆ ಸುರಿಸುವ ಗ್ರಂಥಿಗಳ ಒಳಪದರ ಗಡುಸಾಗಿ ಅಂಟು ಕಡಿಮೆಯಾಗುತ್ತದೆ. ಗುರಿ ಸರಿಯಾಗಿಯೇ ಇರುತ್ತದೆ, ನಾಲಿಗೆ ಹುಳುವಿಗೆ ತಾಗುತ್ತದೆ, ಆದರೆ ಹುಳು ಅಲ್ಲೇ ಉಳಿಯುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಎರಡು ವರ್ಷ ಹೆಚ್ಚುಕಡಿಮೆ ಮೀಲ್‌ವರ್ಮ್ ಮೇಲೆಯೇ ಬೆಳೆದ ಪ್ರಾಣಿಯಲ್ಲಿ ಅಚ್ಚರಿಯೂ ಅಲ್ಲ, ಆ ಹುಳುವಿನಲ್ಲಿ ವಿಟಮಿನ್ ಎ ಇಲ್ಲವೆನ್ನುವಷ್ಟು ಕಡಿಮೆ.

ಆದರೂ ಇದೇ ಕಾರಣ ಎಂದು ಮನೆಯಲ್ಲಿ ತೀರ್ಮಾನಿಸಬೇಡಿ. ಕ್ಯಾಲ್ಸಿಯಂ ಸಾಲದೆ ದವಡೆ ಮೆತ್ತಗಾಗಿದ್ದರೂ, ನಾಲಿಗೆಗೆ ಗಾಯವಾಗಿದ್ದರೂ ಹುಳು ತಪ್ಪಬಹುದು. ಉಭಯವಾಸಿಗಳನ್ನು ನೋಡಿ ಅನುಭವವಿರುವ ಪಶುವೈದ್ಯರಿಗೆ ಈ ವಾರವೇ ತೋರಿಸಿ. ವಿಟಮಿನ್ ಎ ಯನ್ನು ಅವರು ತೂಕ ನೋಡಿ ಅಳತೆಯಲ್ಲಿ ಕೊಡುತ್ತಾರೆ. ಮನುಷ್ಯರ ಕ್ಯಾಪ್ಸೂಲ್ ಚುಚ್ಚಿ ಬಾಯಿಗೆ ಹಿಂಡುವ ಕೆಲಸ ಮಾತ್ರ ಬೇಡ. ಇದು ಕೊಬ್ಬಿನಲ್ಲಿ ಕರಗಿ ದೇಹದಲ್ಲೇ ಉಳಿಯುವ ವಿಟಮಿನ್, ಹೆಚ್ಚಾದರೆ ಯಕೃತ್ತಿಗೂ ಮೂಳೆಗೂ ಪೆಟ್ಟು. ಅಲ್ಲಿಯವರೆಗೆ ಉಪವಾಸ ಬೀಳದಂತೆ, ತುದಿಗೆ ರಬ್ಬರ್ ಇರುವ ಚಿಮಟದಲ್ಲಿ ಎರೆಹುಳ ಹಿಡಿದು ತುಟಿಯ ಮುಂದೆಯೇ ಅಲ್ಲಾಡಿಸಿ. ಹತ್ತಿರದ ಆಹಾರವನ್ನು ಅದು ನಾಲಿಗೆಯ ಹಂಗಿಲ್ಲದೆ ದವಡೆಯಲ್ಲೇ ಕಚ್ಚಿ, ಮುಂಗೈಗಳಿಂದ ಬಾಯೊಳಗೆ ತುರುಕಿಕೊಳ್ಳುತ್ತದೆ. ನುಂಗುವಾಗ ಕಣ್ಣು ಮುಚ್ಚಿ ಗುಡ್ಡೆಗಳು ಒಳಕ್ಕೆ ಇಳಿಯುವುದು ಕಾಣುತ್ತದೆ. ಕಣ್ಣುಗುಡ್ಡೆಗಳು ಬಾಯಿಯ ಮೇಲ್ಛಾವಣಿಯನ್ನು ಒತ್ತಿ ಆಹಾರವನ್ನು ಗಂಟಲಿಗೆ ತಳ್ಳುತ್ತವೆ. ಅದನ್ನು ಕಂಡು ನೋವಾಗುತ್ತಿದೆ ಎಂದು ಗಾಬರಿಯಾಗಬೇಕಿಲ್ಲ.

ಹಸಿವಿಗೇನೂ ಕಡಿಮೆಯಿಲ್ಲ ಎಂದು ಬರೆದಿದ್ದೀರಿ. ದೊಡ್ಡ ನೆಲಗಪ್ಪೆ ಸಾಕುವವರು ಮೋಸಹೋಗುವುದು ಇಲ್ಲೇ. ಬಾಯಿಗೆ ಹಿಡಿಯುವ ಗಾತ್ರದ್ದು ಏನು ಅಲುಗಾಡಿದರೂ ಇದು ಎರಗುತ್ತದೆ. ಕೇನ್ ಟೋಡ್ ಅಂತೂ ಅಲುಗಾಡದ ವಸ್ತುವನ್ನೂ ವಾಸನೆ ಹಿಡಿದು ತಿನ್ನುತ್ತದೆ, ನಾಯಿಯ ತಟ್ಟೆಯಲ್ಲಿ ಉಳಿದ ಆಹಾರವನ್ನೂ ಬಿಡುವುದಿಲ್ಲ. ಹೀಗಾಗಿ ಅದು ಆಸೆಯಿಂದ ತಿನ್ನುತ್ತಿದೆ ಎಂಬುದರಿಂದ ಆಹಾರ ಸರಿಯಾಗಿದೆ ಎಂದು ಅರ್ಥವಾಗುವುದಿಲ್ಲ. ಏನು, ಎಷ್ಟು, ಯಾವಾಗ ಎಂಬ ಮೂರನ್ನೂ ನೀವೇ ನಿರ್ಧರಿಸಬೇಕು.

ಮುಖ್ಯ ಆಹಾರವಾಗಿ ಮಿಡತೆಯಂಥ ಕ್ರಿಕೆಟ್ ಹುಳು ಅಥವಾ ಡುಬಿಯಾ ಜಿರಳೆ, ಜೊತೆಗೆ ಎರೆಹುಳ ಇರಲಿ. ನನ್ನನ್ನು ಕೇಳಿದರೆ ದೊಡ್ಡ ನೆಲಗಪ್ಪೆಗೆ ಎರೆಹುಳಕ್ಕಿಂತ ಒಳ್ಳೆಯ ಆಹಾರ ಕಡಿಮೆ. ಮೆತ್ತಗಿರುತ್ತದೆ, ಜೀರ್ಣಕ್ಕೆ ಸುಲಭ, ಹೆಚ್ಚಿನ ಹುಳುಗಳಿಗಿಂತ ಕ್ಯಾಲ್ಸಿಯಂ ಕೂಡ ಉತ್ತಮ. ರೇಷ್ಮೆಹುಳ ಮತ್ತು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುಗಳನ್ನು ನಡುನಡುವೆ ಕೊಡಬಹುದು. ಮೀಲ್‌ವರ್ಮ್ ತಿಂಗಳಿಗೆ ಒಂದೆರಡು ಸಲ ಸಾಕು, ಅದರಲ್ಲಿ ಕೊಬ್ಬು ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಹುಳುವಿನ ಅಗಲ ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರದಿರಲಿ. ತೋಟದಿಂದ, ಬೀದಿದೀಪದ ಕೆಳಗಿನಿಂದ ಹಿಡಿದು ತಂದ ಹುಳು ಬೇಡ. ಕೀಟನಾಶಕದ ಭಯ ಒಂದು ಕಡೆ, ಮಿಂಚುಹುಳದಂಥವು ಸೇರಿಕೊಂಡರೆ ಅವುಗಳ ವಿಷವೇ ಕಪ್ಪೆಯನ್ನು ಕೊಲ್ಲಬಹುದು.

ನಿಮ್ಮದು ಬೆಳೆದ ಕಪ್ಪೆ. ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಊಟ ಸಾಕು. ಒಂದೊಂದು ಊಟಕ್ಕೆ ದೊಡ್ಡ ಕ್ರಿಕೆಟ್ ಹುಳು ಅಥವಾ ಜಿರಳೆ ಐದಾರು, ಇಲ್ಲವೇ ದಪ್ಪ ಎರೆಹುಳ ಎರಡು. ದಿನವೂ ಊಟ ಬೇಕಾದದ್ದು ಬೆಳೆಯುವ ಮರಿಗಳಿಗೆ. ಇಲಿಮರಿಯನ್ನು ಪೂರ್ತಿ ನಿಲ್ಲಿಸಿ. ಕಾಡಿನಲ್ಲಿ ಇದು ಅಪರೂಪಕ್ಕೆ ಸಣ್ಣ ಇಲಿಯನ್ನು ನುಂಗುವುದು ನಿಜ. ಆದರೆ ಅಲ್ಲಿ ರಾತ್ರಿಯೆಲ್ಲ ಓಡಾಡುತ್ತದೆ, ಎಷ್ಟೋ ದಿನ ಏನೂ ಸಿಗುವುದಿಲ್ಲ. ತೊಟ್ಟಿಯಲ್ಲಿ ಕೂತ ಕಪ್ಪೆಗೆ ವಾರಕ್ಕೊಂದು ಇಲಿಮರಿ ಎಂದರೆ ಕೊಬ್ಬಿನ ಹೊರೆ. ಅದು ಯಕೃತ್ತಿನಲ್ಲಿ ಸೇರುತ್ತದೆ, ಕಣ್ಣಿನ ಪಾರದರ್ಶಕ ಪೊರೆಯ ಮೇಲೂ ಬಿಳಿ ಮಂಜಿನಂತೆ ಕೂರುತ್ತದೆ. ಹಾಗೆ ಮಬ್ಬಾದ ಕಣ್ಣು ಮತ್ತೆ ತಿಳಿಯಾಗುವುದು ಕಷ್ಟ.

ದಪ್ಪಗಾಗಿರುವುದೇ ಆರೋಗ್ಯ ಎಂಬ ಭ್ರಮೆ ಈ ಪ್ರಾಣಿಯ ವಿಷಯದಲ್ಲಿ ಬೇಗ ಹುಟ್ಟುತ್ತದೆ. 1991ರಲ್ಲಿ ಸ್ವೀಡನ್‌ನ ಒಂದು ಸಾಕು ಕೇನ್ ಟೋಡ್ 2.65 ಕೆ.ಜಿ. ತೂಗಿ ದಾಖಲೆಯಾಯಿತು. ಸಾಮಾನ್ಯ ಕಪ್ಪೆ 10ರಿಂದ 15 ಸೆಂ.ಮೀ.ಗೆ ನಿಲ್ಲುತ್ತದೆ, ದೊಡ್ಡದಾಗುವುದು ಬಹುತೇಕ ಹೆಣ್ಣು. ದಾಖಲೆಯ ಗಾತ್ರ ಕಣ್ಣಮುಂದೆ ಇಟ್ಟುಕೊಂಡು ತಿನ್ನಿಸಿದರೆ ಹತ್ತು ಹದಿನೈದು ವರ್ಷ ಬಾಳಬೇಕಾದ ಜೀವ ಅರ್ಧಕ್ಕೇ ಮುಗಿಯುತ್ತದೆ. ತಿಂಗಳಿಗೊಮ್ಮೆ, ಊಟಕ್ಕೆ ಮುಂಚೆ, ಮುಚ್ಚಳವಿರುವ ಡಬ್ಬದಲ್ಲಿ ಕೂರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಂದೇ ತಿಂಗಳಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಏರುಪೇರಾದರೆ ಕಾರಣ ಹುಡುಕಿ. ಮೇಲಿನಿಂದ ನೋಡಿದಾಗ ಪಕ್ಕೆಗಳು ಜೋತುಬಿದ್ದು ಕಂಕುಳಲ್ಲಿ ಮಡಿಕೆ ಕಂಡರೆ ಊಟ ಕಡಿಮೆ ಮಾಡಿ, ಸೊಂಟದ ಮೂಳೆ ಎದ್ದು ಕಂಡರೆ ವೈದ್ಯರಿಗೆ ತೋರಿಸಿ.

ಹುಳುವಿನ ಹೊಟ್ಟೆಯಲ್ಲಿ ಇರುವುದು ಕಪ್ಪೆಯ ಹೊಟ್ಟೆ ಸೇರುತ್ತದೆ. ಖಾಲಿ ಹೊಟ್ಟೆಯ ಕ್ರಿಕೆಟ್ ಹುಳು ಕೊಟ್ಟರೆ ಸಿಪ್ಪೆ ಕೊಟ್ಟ ಹಾಗೆ. ತಂದ ಹುಳುಗಳಿಗೆ 24ರಿಂದ 48 ಗಂಟೆ ಹಸಿರೆಲೆ, ಕ್ಯಾರೆಟ್, ಕ್ಯಾಲ್ಸಿಯಂ ಬೆರೆತ ಒಣ ಆಹಾರ ತಿನ್ನಿಸಿ, ಆಮೇಲೆ ಕಪ್ಪೆಗೆ ಹಾಕಿ. ಅದಾದ ಮೇಲೂ ಪುಡಿ ಹಚ್ಚಲೇಬೇಕು. ಹೆಚ್ಚಿನ ಹುಳುಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಜಾಸ್ತಿ, ಕಪ್ಪೆಗೆ ಬೇಕಾದದ್ದು ಅದರ ತಲೆಕೆಳಗು: ಒಂದು ಭಾಗ ರಂಜಕಕ್ಕೆ ಒಂದೂವರೆಯಿಂದ ಎರಡು ಭಾಗ ಕ್ಯಾಲ್ಸಿಯಂ. ಈ ಲೆಕ್ಕ ತಪ್ಪಿದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಆಗ ದವಡೆ ರಬ್ಬರಿನಂತಾಗುತ್ತದೆ, ಬೆನ್ನು ಸೊಟ್ಟಗಾಗುತ್ತದೆ, ಕಾಲ್ಬೆರಳು ನಡುಗುತ್ತವೆ. ಒಂದು ಎಚ್ಚರಿಕೆ: ಬೇಟೆ ಕಂಡಾಗ ಹಿಂಗಾಲಿನ ಉದ್ದ ಬೆರಳು ಪಟಪಟ ಕುಣಿಯುವುದು ಈ ಜಾತಿಯ ಸಹಜ ವರ್ತನೆ. ಬೇಟೆಯಿಲ್ಲದಾಗಲೂ ಬೆರಳು, ಕಾಲು ಅದುರುತ್ತಿದ್ದರೆ ಮಾತ್ರ ರೋಗಲಕ್ಷಣ.

ಪುಡಿ ಹಚ್ಚುವುದು ಸುಲಭ. ಊಟದ ಹುಳುಗಳನ್ನು ಒಂದು ಡಬ್ಬಕ್ಕೆ ಹಾಕಿ, ಚಿಟಿಕೆ ಪುಡಿ ಉದುರಿಸಿ, ಮೆಲ್ಲಗೆ ಅಲ್ಲಾಡಿಸಿ ತಕ್ಷಣ ಕೊಡಿ. ತಡಮಾಡಿದರೆ ಕ್ರಿಕೆಟ್ ಹುಳುಗಳು ಮೈ ಒರೆಸಿಕೊಂಡು ಪುಡಿ ಕಳಚಿಕೊಳ್ಳುತ್ತವೆ. ಹೆಚ್ಚಿನ ಊಟಗಳಿಗೆ ಬರೀ ಕ್ಯಾಲ್ಸಿಯಂ ಪುಡಿ, ವಾರಕ್ಕೊಮ್ಮೆ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ, ಎರಡು ವಾರಕ್ಕೊಮ್ಮೆ ಮಲ್ಟಿವಿಟಮಿನ್. ಮಲ್ಟಿವಿಟಮಿನ್ ಕೊಳ್ಳುವಾಗ ಡಬ್ಬದ ಹಿಂಬದಿ ಓದಿ. ವಿಟಮಿನ್ ಎ ರೆಟಿನಾಲ್ ರೂಪದಲ್ಲಿರಬೇಕು. ಬರೀ ಬೀಟಾ ಕ್ಯಾರೊಟಿನ್ ಇದ್ದರೆ ಅದನ್ನು ಕಪ್ಪೆ ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ ಎಂದು ನಂಬಿ ಕೂರುವಂತಿಲ್ಲ. ವೈದ್ಯರು ವಿಟಮಿನ್ ಎ ಕೊಡುತ್ತಿರುವಾಗ ನಿಮ್ಮ ಪುಡಿಯ ಹೆಸರನ್ನೂ ಅವರಿಗೆ ಹೇಳಿ, ಎರಡೂ ಸೇರಿ ಅತಿಯಾಗಬಾರದು. ತೆರೆದ ಡಬ್ಬ ಆರು ತಿಂಗಳಾದ ಮೇಲೆ ಬದಲಿಸಿ, ಶಾಖ ಮತ್ತು ತೇವಕ್ಕೆ ವಿಟಮಿನ್‌ಗಳು ಸತ್ವ ಕಳೆದುಕೊಳ್ಳುತ್ತವೆ.

ಊಟದ ಹೊತ್ತು ಮುಸ್ಸಂಜೆ. ಮಣ್ಣಿನ ಮೇಲೆ ಹುಳು ಚೆಲ್ಲದೆ ಚಪ್ಪಟೆ ಕಲ್ಲಿನ ಮೇಲೋ ಅಂಚು ನಯವಾದ ತಟ್ಟೆಯಲ್ಲೋ ಕೊಟ್ಟರೆ ಹುಳುವಿನ ಜೊತೆ ಮಣ್ಣು ಹೋಗುವುದು ಕಡಿಮೆಯಾಗುತ್ತದೆ. ಕಾಲು ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ಹೆಕ್ಕಿ ತೆಗೆಯಿರಿ. ಹಸಿದ ಕ್ರಿಕೆಟ್ ಹುಳುಗಳು ಮಲಗಿದ ಕಪ್ಪೆಯ ಚರ್ಮವನ್ನೇ ಕಡಿಯುತ್ತವೆ.

ಇನ್ನು ಹಗಲೆಲ್ಲ ನೀರಿನಲ್ಲಿ ಕೂರುವ ವಿಷಯ. ನೆಲಗಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಕೆಳಹೊಟ್ಟೆ ಮತ್ತು ತೊಡೆಯ ಅಡಿಯ ತೆಳು ಚರ್ಮವನ್ನು ಒದ್ದೆಗೆ ಒತ್ತಿ ಕೂತು ನೀರು ಹೀರಿಕೊಳ್ಳುತ್ತದೆ. ನೀರಿನಲ್ಲಿ, ಮಣ್ಣಿನಲ್ಲಿ ಕರಗಿದ್ದೆಲ್ಲ ಅದೇ ದಾರಿಯಲ್ಲಿ ರಕ್ತಕ್ಕೆ ಹೋಗುತ್ತದೆ. ಆದ್ದರಿಂದ ತೊಟ್ಟಿಯ ನೆಲವನ್ನೂ ನೀರನ್ನೂ ಊಟದಷ್ಟೇ ಜಾಗ್ರತೆಯಿಂದ ನೋಡಬೇಕು. ನೆಲಗಪ್ಪೆ ಒಣನೆಲದ ಪ್ರಾಣಿ, ದಿನಕ್ಕೆ ಸ್ವಲ್ಪ ಹೊತ್ತು ನೆನೆದು ಮಣ್ಣಿಗೆ ಮರಳಬೇಕು. ಮರಳುತ್ತಿಲ್ಲ ಎಂದರೆ ಉಳಿದ ಜಾಗ ಅದಕ್ಕೆ ಸಹ್ಯವಾಗಿಲ್ಲ. ನಿಮ್ಮ ತೊಟ್ಟಿಯಲ್ಲಿ ಹೂತುಕೊಳ್ಳಲು ಮಣ್ಣಿಲ್ಲ, ಜಲ್ಲಿ ತೇವ ಹಿಡಿಯುವುದಿಲ್ಲ, ಅಡಿಯಿಂದ ಪ್ಯಾಡ್ ಕಾಯಿಸುತ್ತಿದೆ. ತಂಪಿರುವುದು ಬಟ್ಟಲಿನಲ್ಲಿ ಮಾತ್ರ. ಕೂತಲ್ಲೇ ಮೂತ್ರ, ಮಲ ಮಾಡುತ್ತದೆ, ಅದರಿಂದ ಏಳುವ ಅಮೋನಿಯಾ ಚರ್ಮದ ಮೂಲಕ ವಾಪಸು ಅದರ ಮೈಗೇ ಹೋಗುತ್ತದೆ. ಜಲ್ಲಿಯಲ್ಲಿ ಇನ್ನೊಂದು ಅಪಾಯವಿದೆ: ಹುಳುವಿನ ಜೊತೆ ನುಂಗಿದ ಕಲ್ಲು ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ಎಳೆಎಳೆಯಾದ ಪಾಚಿಯೂ ಹಾಗೆಯೇ.

ಒಂದು ಕಪ್ಪೆಗೆ ಕನಿಷ್ಠ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ತೊಟ್ಟಿ ಬೇಕು. ಎತ್ತರಕ್ಕಿಂತ ನೆಲದ ವಿಸ್ತಾರ ಮುಖ್ಯ, ಇದು ಹತ್ತುವ ಕಪ್ಪೆಯಲ್ಲ. ಮುಚ್ಚಳ ಜಾಲರಿಯದಾಗಿರಲಿ, ಕ್ಲಿಪ್ ಹಾಕಿ ಬಿಗಿಯಿರಿ. ಈ ಗಾತ್ರದ ಕಪ್ಪೆ ತಲೆಯಿಂದ ಗುದ್ದಿ ಸಡಿಲ ಮುಚ್ಚಳ ಸರಿಸಿಬಿಡುತ್ತದೆ. ಗಾಜಿನಾಚೆ ಹೋಗಲು ನೋಡಿ ಮೂತಿ ತಿಕ್ಕಿ ಗಾಯ ಮಾಡಿಕೊಳ್ಳುತ್ತಿದ್ದರೆ ಮೂರು ಬದಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ.

ತಳಕ್ಕೆ ಗೊಬ್ಬರ, ಕೀಟನಾಶಕ, ಪರ್ಲೈಟ್ (ಕುಂಡದ ಮಣ್ಣಿಗೆ ಬೆರೆಸುವ ಹಗುರವಾದ ಬಿಳಿ ಹರಳು) ಯಾವುದೂ ಸೇರದ ಮೇಲ್ಮಣ್ಣು ಮೂರು ಭಾಗ, ತೆಂಗಿನ ನಾರಿನ ಪುಡಿ ಎರಡು ಭಾಗ ಬೆರೆಸಿ 12 ಸೆಂ.ಮೀ. ದಪ್ಪ ಹಾಕಿ. ಮೇಲೆ ಹೇಳಿದ ಅಳತೆಯ ತೊಟ್ಟಿಗೆ ಸುಮಾರು 50 ಲೀಟರ್ ಮಿಶ್ರಣ ಹಿಡಿಯುತ್ತದೆ. ತೇವದ ಹದ ನೋಡುವುದು ಹೀಗೆ: ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ. ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಹೊಟ್ಟೆಯ ಚರ್ಮ ಹುಣ್ಣಾಗುತ್ತದೆ, ಉಂಡೆ ಪುಡಿಯಾದರೆ ಕಪ್ಪೆ ಬಟ್ಟಲಿಗೇ ಹೋಗಿ ಕೂರುತ್ತದೆ. ಎಲ್ಲೆಡೆ ನೀರು ಚಿಮುಕಿಸುವುದಕ್ಕಿಂತ ಒಂದು ಮೂಲೆಯಲ್ಲಿ ಮೆಲ್ಲಗೆ ಸುರಿದು ಅಡಿಪದರ ನೆನೆಸಿ, ಎದುರು ತುದಿಯನ್ನು ಒಣಗಲು ಬಿಡಿ. ಯಾವ ಜಾಗ ಬೇಕೋ ಅದೇ ಆರಿಸಿಕೊಳ್ಳಲಿ. ಗಾಳಿಯ ತೇವಾಂಶ 60ರಿಂದ 80 ಪ್ರತಿಶತದ ನಡುವೆ ಇದ್ದರೆ ಸರಿ. ಮೇಲೆ ಒಂದು ಪದರ ತರಗೆಲೆ ಹರಡಿ, ಎರಡು ತುದಿಗೂ ಒಂದೊಂದು ಅಡಗುದಾಣ ಇಡಿ. ಮಣ್ಣಿನ ಕುಂಡವನ್ನು ಅಡ್ಡ ಮಲಗಿಸಿ ಅರ್ಧ ಹೂತರೂ ಸಾಕು. ಪೈನ್, ಸೀಡರ್ ಮರದ ಚಕ್ಕೆ ಬೇಡ, ಅವುಗಳ ಎಣ್ಣೆ ಚರ್ಮಕ್ಕೆ ಉರಿ. ಮಲ ಕಂಡಾಗಲೆಲ್ಲ ಸುತ್ತಲಿನ ಮಣ್ಣಿನ ಸಮೇತ ತೆಗೆಯಿರಿ, ಮೂರು ನಾಲ್ಕು ತಿಂಗಳಿಗೊಮ್ಮೆ ಪೂರ್ತಿ ಬದಲಿಸಿ. ಮೂಗಿಗೆ ಘಾಟು ಬಡಿದರೆ ದಿನ ಲೆಕ್ಕ ಹಾಕದೆ ಅವತ್ತೇ ಬದಲಿಸಿ.

ನೀರಿನ ಪಾತ್ರೆ ಅಗಲವಾಗಿ, ಆಳ ಕಡಿಮೆ ಇರಲಿ: 30ಕ್ಕೆ 20 ಸೆಂ.ಮೀ. ಅಗಲ, 5 ಸೆಂ.ಮೀ. ಆಳ. ಕೂತಾಗ ನೀರು ಕಂಕುಳ ಮಟ್ಟಕ್ಕೆ ಬರಬೇಕು, ಅದಕ್ಕಿಂತ ಮೇಲಲ್ಲ. ದೊಡ್ಡ ನೆಲಗಪ್ಪೆಗೆ ಈಜು ಬಂದರೂ ಹೊರಬರಲು ದಾರಿಯಿಲ್ಲದ ಪಾತ್ರೆಯಲ್ಲಿ ದಣಿದು ಮುಳುಗುತ್ತದೆ. ನೀರನ್ನು ದಿನಕ್ಕೊಮ್ಮೆ, ಮಲ ಮಾಡಿದರೆ ತಕ್ಷಣ ಬದಲಿಸಿ. ನಲ್ಲಿಯ ನೀರಿನಲ್ಲಿ ಬರೀ ಕ್ಲೋರಿನ್ ಇದ್ದರೆ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟಾಗ ಹೋಗುತ್ತದೆ. ಕ್ಲೋರಮಿನ್ ಹಾಕಿದ್ದರೆ ಹಾಗೆ ಹೋಗುವುದಿಲ್ಲ, ಅಕ್ವೇರಿಯಂಗೆ ಬಳಸುವ ಡಿಕ್ಲೋರಿನೇಟರ್ ದ್ರವವೇ ಬೇಕು. ಯಾವುದು ಹಾಕುತ್ತಾರೆ ಎಂದು ಗೊತ್ತಿಲ್ಲದಿದ್ದರೆ ದ್ರವವನ್ನೇ ಬಳಸಿ. ಶುದ್ಧವಾಗಿರುತ್ತದೆ ಎಂದು ಆರ್‌ಒ ಅಥವಾ ಡಿಸ್ಟಿಲ್ಡ್ ನೀರನ್ನಷ್ಟೇ ಇಡುವವರಿದ್ದಾರೆ. ಅದರಲ್ಲಿ ಲವಣಗಳೇ ಇರುವುದಿಲ್ಲ, ಕಪ್ಪೆಯ ಮೈಯ ಲವಣ ಚರ್ಮದ ಮೂಲಕ ನೀರಿಗೆ ಸೋರುತ್ತದೆ.

ಅಡಿಯ ಪ್ಯಾಡನ್ನು ಇವತ್ತೇ ತೆಗೆಯಿರಿ. ಸೆಕೆಯಾದಾಗ ನೆಲಗಪ್ಪೆ ಮಾಡುವ ಮುಖ್ಯ ಉಪಾಯ ಕೆಳಕ್ಕೆ ತೋಡುವುದು. ಕೆಳಗೇ ಬಿಸಿಯಿದ್ದರೆ ತೋಡಿದಷ್ಟೂ ಸುಟ್ಟುಕೊಳ್ಳುತ್ತದೆ. ಶಾಖ ಬೇಕಿದ್ದರೆ ಒಂದು ತುದಿಯ ಮೇಲ್ಗಡೆಯಿಂದ, ಥರ್ಮೋಸ್ಟಾಟ್ ಜೋಡಿಸಿದ ಸೆರಾಮಿಕ್ ಹೀಟರ್‌ನಿಂದ ಕೊಡಿ. ಹಗಲು ಬಿಸಿ ತುದಿ 28 ಡಿಗ್ರಿ ಸೆಲ್ಸಿಯಸ್, ತಂಪು ತುದಿ 24, ರಾತ್ರಿ 20ರಿಂದ 22. ಕೋಣೆಯ ಉಷ್ಣತೆಯೇ ಇಷ್ಟಿದ್ದರೆ ಹೀಟರ್ ಬೇಕಾಗಿಲ್ಲ. ರಾತ್ರಿ ಸಂಚಾರಿಯಾದರೂ ಸೌಮ್ಯ ಯುವಿಬಿ (ಒಂದು ಬಗೆಯ ಅತಿನೇರಳೆ) ಬೆಳಕು ಒಳ್ಳೆಯದು: 5 ಪ್ರತಿಶತದ ಟ್ಯೂಬ್, ಹಗಲು ಹತ್ತು ಹನ್ನೆರಡು ಗಂಟೆ, ಕಪ್ಪೆಗೆ 30 ಸೆಂ.ಮೀ. ದೂರದಲ್ಲಿ, ವರ್ಷಕ್ಕೊಮ್ಮೆ ಹೊಸದು. ಗಾಜು ಯುವಿಬಿಯನ್ನು ತಡೆಯುತ್ತದೆ, ಅದಕ್ಕೇ ಜಾಲರಿ ಮುಚ್ಚಳ ಹೇಳಿದ್ದು.

ಹಳೆಯ ತೊಟ್ಟಿ, ಪಾತ್ರೆಗಳನ್ನು ತೊಳೆದು ಬಳಸುವುದಾದರೆ ಸಾಬೂನು ಮುಟ್ಟಿಸಬೇಡಿ. 5 ಪ್ರತಿಶತದ ಮನೆಬಳಕೆಯ ಬ್ಲೀಚ್ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಸೇರಿಸಿ ಹತ್ತು ನಿಮಿಷ ಬಿಟ್ಟು, ವಾಸನೆ ಹೋಗುವವರೆಗೆ ತೊಳೆದು, ಪೂರ್ತಿ ಒಣಗಿಸಿ. ಅಷ್ಟು ಹೊತ್ತು ಕಪ್ಪೆ ಬೇರೆ ಕೋಣೆಯಲ್ಲಿರಲಿ.

ಜೊತೆಗೆ ಇನ್ನೊಂದು ಪ್ರಾಣಿ ಬೇಡ. ಚಿಕ್ಕದಿದ್ದರೆ ತಿನ್ನುತ್ತದೆ, ಬೇರೆ ಜಾತಿಯದಾದರೆ ಇದರ ವಿಷ ಅದಕ್ಕೆ ಆಗಿಬರುವುದಿಲ್ಲ. ಕಣ್ಣಿನ ಹಿಂದೆ ಉಬ್ಬಿರುವ ಎರಡು ದೊಡ್ಡ ಗ್ರಂಥಿಗಳಲ್ಲಿ ಹಾಲಿನಂಥ ವಿಷವಿದೆ, ಹೃದಯದ ಬಡಿತವನ್ನೇ ಕೆಡಿಸುವಂಥದ್ದು. ಹಿಡಿದೆತ್ತಬೇಕಾದಾಗ ಪುಡಿಯಿಲ್ಲದ ನೈಟ್ರೈಲ್ ಕೈಗವಸನ್ನು ಡಿಕ್ಲೋರಿನೇಟ್ ಮಾಡಿದ ನೀರಿನಲ್ಲಿ ಒದ್ದೆ ಮಾಡಿ, ಒಂದು ಕೈ ಹೊಟ್ಟೆಯಡಿ ಕೊಟ್ಟು ಎತ್ತಿ. ಮೂತ್ರ ಹೊಯ್ಯುತ್ತದೆ, ಮೈ ಉಬ್ಬಿಸುತ್ತದೆ, ಅದು ಹೆದರಿಕೆ. ಅನಗತ್ಯವಾಗಿ ಎತ್ತದಿರುವುದೇ ಅದಕ್ಕೆ ಸುಖ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಆಮೇಲೆ ಕೈಯನ್ನು ಸಾಬೂನಿನಲ್ಲಿ ತೊಳೆಯಿರಿ. ಮನೆಯಲ್ಲಿ ನಾಯಿಯಿದ್ದು ಕಪ್ಪೆಯನ್ನು ಕಚ್ಚಿದರೆ ಜೊಲ್ಲು ಸುರಿಯುತ್ತದೆ, ಒಸಡು ಕೆಂಪಾಗುತ್ತದೆ, ಸೆಳೆತವೂ ಬರಬಹುದು. ಒದ್ದೆ ಬಟ್ಟೆಯಲ್ಲಿ ಒಸಡು, ನಾಲಿಗೆಯನ್ನು ಹೊರಮುಖವಾಗಿ ಒರೆಸುತ್ತಾ, ಬಟ್ಟೆಯನ್ನು ಮತ್ತೆ ಮತ್ತೆ ತೊಳೆಯುತ್ತಾ ಪಶುವೈದ್ಯರಲ್ಲಿಗೆ ಓಡಿ. ಗಂಟಲಿಗೆ ನೀರು ಬಿಡಬೇಡಿ, ವಿಷ ಒಳಗೆ ಹೋಗುತ್ತದೆ.

ಸಾಕಲು ಆಗದಿದ್ದರೂ ಹೊರಗೆ ಬಿಡುವ ಮಾತು ಬರಲೇಬಾರದು. 1935ರಲ್ಲಿ ಕಬ್ಬಿನ ದುಂಬಿಯನ್ನು ತಿನ್ನಲಿ ಎಂದು ಹವಾಯಿಯಿಂದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ತಂದದ್ದು ನೂರರಷ್ಟು ಕೇನ್ ಟೋಡ್. ದುಂಬಿ ಕಡಿಮೆಯಾಗಲಿಲ್ಲ, ಕಪ್ಪೆ ಖಂಡದ ಉತ್ತರ ಭಾಗವೆಲ್ಲ ಹರಡಿತು, ಅದನ್ನು ತಿನ್ನಹೋದ ಬೆಕ್ಕಿನಂಥ ಮಾಂಸಾಹಾರಿ ಕ್ವೋಲ್‌ಗಳು, ಉಡಗಳು ವಿಷಕ್ಕೆ ಸತ್ತವು. ತೊಟ್ಟಿಯ ಕೊಳೆನೀರನ್ನೂ ತೋಟಕ್ಕೆ ಚೆಲ್ಲದೆ ಶೌಚಾಲಯಕ್ಕೆ ಸುರಿಯಿರಿ, ಕಪ್ಪೆಗಳ ಚರ್ಮಕ್ಕೆ ಬರುವ ಕೈಟ್ರಿಡ್ ಶಿಲೀಂಧ್ರ ನೀರಿನಲ್ಲೇ ಹರಡುತ್ತದೆ. ಈ ಜಾತಿಯನ್ನು ಇಟ್ಟುಕೊಳ್ಳಲು ನಿಮ್ಮಲ್ಲಿ ಕಾನೂನಿನ ಅನುಮತಿ ಬೇಕೇ ಎಂದು ಖಚಿತಮಾಡಿಕೊಂಡಿಲ್ಲದಿದ್ದರೆ ಅದನ್ನೂ ಮುಗಿಸಿಕೊಳ್ಳಿ.

ಹೊಸ ತೊಟ್ಟಿಗೆ ಬಂದು ಒಂದು ವಾರವಾದ ಮೇಲೂ ಹಗಲು ನೀರಿನಲ್ಲೇ ಇದ್ದರೆ ರೋಗದ ಶಂಕೆ ಬಲವಾಗುತ್ತದೆ. ಹೊಟ್ಟೆ, ತೊಡೆ ಕೆಂಪಾಗಿದ್ದರೆ, ಚರ್ಮ ಎಡೆಬಿಡದೆ ಸುಲಿಯುತ್ತಿದ್ದರೆ, ಮಗುಚಿ ಹಾಕಿದಾಗ ತಾನಾಗಿ ತಿರುಗಿಕೊಳ್ಳದಿದ್ದರೆ ಆ ವಾರವನ್ನೂ ಕಾಯಬೇಡಿ. ಆಗಾಗ ಒಂದೇ ಸಲ ಚರ್ಮ ಕಳಚಿ, ಅದನ್ನು ಬಾಯಿಗೆ ಎಳೆದುಕೊಂಡು ತಿನ್ನುವುದು ಮಾತ್ರ ಸಹಜ. ವೈದ್ಯರಲ್ಲಿಗೆ ಹೋಗುವಾಗ ಗಾಳಿತೂತುಗಳಿರುವ ಪ್ಲಾಸ್ಟಿಕ್ ಡಬ್ಬದ ತಳಕ್ಕೆ ಡಿಕ್ಲೋರಿನೇಟ್ ಮಾಡಿದ ನೀರಿನಲ್ಲಿ ನೆನೆಸಿ ಹಿಂಡಿದ ಪೇಪರ್ ಟವಲ್ ಹಾಸಿ, ನೀರು ನಿಲ್ಲದಂತೆ ನೋಡಿಕೊಳ್ಳಿ. 24 ಗಂಟೆಯೊಳಗಿನ ಮಲವನ್ನು ಸಣ್ಣ ಡಬ್ಬದಲ್ಲಿ, ಒಣಗದಂತೆ, ಫ್ರಿಜ್ಜಿನ ತಂಪಿನಲ್ಲಿಟ್ಟು ಒಯ್ಯಿರಿ. ಕರುಳಿನ ಹುಳು, ಶ್ವಾಸಕೋಶದ ಹುಳು ಇವೆಯೇ ಎಂದು ಅದರಲ್ಲೇ ನೋಡುತ್ತಾರೆ. ಕೈಟ್ರಿಡ್ ಪರೀಕ್ಷೆಗೆ ಹೊಟ್ಟೆ ಮತ್ತು ಕಾಲ್ಬೆರಳ ಚರ್ಮವನ್ನು ಹತ್ತಿಕಡ್ಡಿಯಲ್ಲಿ ಉಜ್ಜಿ ತೆಗೆಯಲು ಕೇಳಿ. ಹಳೆಯ ತೊಟ್ಟಿಯ ಫೋಟೊ, ಈವರೆಗೆ ಏನೇನು ತಿನ್ನಿಸಿದಿರಿ ಎಂಬ ಪಟ್ಟಿ, ಪುಡಿಗಳ ಡಬ್ಬ ಇಷ್ಟನ್ನೂ ಜೊತೆಗೆ ಒಯ್ಯಿರಿ.